ಸೀಗಡಿಯ ಕಣ್ಣು ಕೀಳುವ ರೂಢಿ
ವಿಶಾಖಪಟ್ಟಣದ ಉತ್ತರಕ್ಕೆ ಋಷಿಕೊಂಡದಿಂದ ಭೀಮುನಿಪಟ್ಟಣದತ್ತ ಸಾಗುವ ಕಡಲಂಚಿನ ಸೀಗಡಿ ಹ್ಯಾಚರಿಗಳಲ್ಲಿ, ಅಂದರೆ ಮೊಟ್ಟೆಯೊಡೆಸಿ ಮರಿ ಬೆಳೆಸುವ ಕೇಂದ್ರಗಳಲ್ಲಿ, ತಾಯಿ ಸೀಗಡಿಯ ಒಂದು ಕಣ್ಣನ್ನು ತೊಟ್ಟಿನ ಸಮೇತ ತೆಗೆಯುವುದು ಹಳೆಯ ರೂಢಿ. ಕೆಂಪಗೆ ಕಾಯಿಸಿದ ಚಿಮುಟದಿಂದ ತೊಟ್ಟನ್ನು ಅದುಮಿದರೆ ಕಣ್ಣು ಕಳಚುವುದೂ ಗಾಯ ಸುಟ್ಟು ಮುಚ್ಚುವುದೂ ಒಟ್ಟಿಗೇ ಮುಗಿಯುತ್ತದೆ; ಚಿಪ್ಪು ಕಳಚಿ ಮೈ ಮೆತ್ತಗಿರುವಾಗ ಮಾತ್ರ ಅದಕ್ಕೆ ಕೈಹಾಕುವುದಿಲ್ಲ. ಅಂಡಾಶಯ ಬಲಿಯದಂತೆ ತಡೆಯುವ ಹಾರ್ಮೋನನ್ನು ತಯಾರಿಸಿ ಕೂಡಿಡುವ ನರಗ್ರಂಥಿ ಆ ತೊಟ್ಟಿನೊಳಗಿರುವುದರಿಂದ, ಅದು ಹೋದ ಕೆಲವೇ ದಿನಗಳಲ್ಲಿ ಬೆನ್ನುದ್ದಕ್ಕೂ ದಪ್ಪಗಾದ ಅಂಡಾಶಯ ಚಿಪ್ಪಿನ ಮೂಲಕವೇ ಕಾಣುತ್ತದೆ. ಫ್ರಾನ್ಸಿನ ಸಂಶೋಧಕ ಪನೂಸ್ 1943ರಲ್ಲಿಯೇ ಬೇರೊಂದು ಜಾತಿಯ ಸೀಗಡಿಯಲ್ಲಿ ಈ ನಂಟನ್ನು ತೋರಿಸಿದ್ದರು.

1980ರ ದಶಕದ ಕೊನೆಯಲ್ಲಿ ಸಮುದ್ರೋತ್ಪನ್ನ ರಫ್ತು ಅಭಿವೃದ್ಧಿ ಪ್ರಾಧಿಕಾರವು ಇದೇ ತೀರದಲ್ಲಿ ಟಾಸ್ಪಾರ್ಕ್ ಹ್ಯಾಚರಿಯನ್ನು ಕಟ್ಟಿದಾಗ ಸಾಕಣೆಗಿದ್ದುದು ಹುಲಿ ಸೀಗಡಿ. ಕಡಲಿನಿಂದ ಹಿಡಿದು ತಂದ ತಾಯಿ ದುಬಾರಿ, ತೊಟ್ಟಿಯಲ್ಲಿ ಅದು ತಾನಾಗಿ ಬಲಿಯುವುದು ಅಪರೂಪ. ಅಂದು ಈ ಕ್ರಮಕ್ಕೆ ಸಮರ್ಥನೆಯಿತ್ತು. 2009ರಲ್ಲಿ ವಿದೇಶಿ ಜಾತಿಯಾದ ವನ್ನಾಮಿ ಸೀಗಡಿಯ ಸಾಕಣೆಗೆ ಅನುಮತಿ ದೊರೆತ ಮೇಲೆ ಆ ಸಮರ್ಥನೆ ಬಹುಮಟ್ಟಿಗೆ ಸಡಿಲವಾಯಿತು. ತಲೆಮಾರುಗಳಿಂದ ಸಾಕಣೆಯಲ್ಲೇ ಬೆಳೆದು, ನಿರ್ದಿಷ್ಟ ರೋಗಾಣುಗಳಿಲ್ಲವೆಂದು ಖಾತ್ರಿಯಾಗಿ, ಚೆನ್ನೈನ ಕ್ವಾರಂಟೈನ್ ದಾಟಿ ಬರುವ ವನ್ನಾಮಿ ತಾಯಿಗಳು ಎರಡೂ ಕಣ್ಣಿದ್ದೇ ಬಲಿಯಬಲ್ಲವು. ಆದರೂ ಚಿಮುಟ ಉಳಿದಿರುವುದು, ಕೆರೆಗೆ ನೀರು ಬಿಟ್ಟು ಕಾಯುವ ರೈತರಿಗೆ ಒಂದೇ ಸಲಕ್ಕೆ ಲಕ್ಷಾಂತರ ಮರಿ ಒದಗಿಸಬೇಕೆಂಬ ಅವಸರದಿಂದ.

ಈ ಕ್ರಮದ ಮುಖ್ಯ ದೋಷ ಅದರ ಒರಟುತನ. ಚಿಪ್ಪು ಕಳಚುವಿಕೆಯನ್ನೂ ರಕ್ತದ ಸಕ್ಕರೆಯನ್ನೂ ಹಿಡಿತದಲ್ಲಿಡುವ ಹಾರ್ಮೋನುಗಳು ಅದೇ ಗ್ರಂಥಿಯಿಂದ ಬರುವುದರಿಂದ, ಒಂದು ತಡೆಯನ್ನು ತೆಗೆಯಹೋಗಿ ಇಡೀ ದೇಹದ ಲೆಕ್ಕ ತಪ್ಪುತ್ತದೆ. ಕಣ್ಣುಳಿಸಿಕೊಂಡ ವನ್ನಾಮಿ ತಾಯಿಗಳ ಮರಿಗಳಿಗೆ ಬಿಳಿಚುಕ್ಕೆ ವೈರಸ್ ಮತ್ತು ವಿಬ್ರಿಯೊ ಬ್ಯಾಕ್ಟೀರಿಯಾ ಸೋಂಕಿಸಿ ನೋಡಿದಾಗ ಅವು ಹೆಚ್ಚು ಬಾಳಿದವೆಂದು ಸಕರಿಯಾಸ್ ಮತ್ತು ಸಂಗಡಿಗರು 2021ರಲ್ಲಿ ವರದಿ ಮಾಡಿದರು. ಥಾಯ್ಲೆಂಡಿನ ಸಂಶೋಧಕರಂತೂ 2011ರಲ್ಲಿ, ತಡೆ ಹಾರ್ಮೋನಿನ ಜೀನನ್ನಷ್ಟೇ ಸುಮ್ಮನಾಗಿಸುವ ಜೋಡಿ ಎಳೆಯ ಆರ್‌ಎನ್‌ಎ ಚುಚ್ಚಿ ಹುಲಿ ಸೀಗಡಿಯಿಂದ ಮೊಟ್ಟೆ ಇಡಿಸಿದ್ದಾರೆ. ಅದು ಸೊಗಸಾದ ವಿಜ್ಞಾನ. ಆದರೆ ಒಂದೊಂದಾಗಿ ಚುಚ್ಚಬೇಕಾದ ಔಷಧಿ ಅಗ್ಗದ ಚಿಮುಟದ ಜಾಗಕ್ಕೆ ಸುಲಭದಲ್ಲಿ ಬರಲಾರದು.

ಹಾರ್ಮೋನಿನ ಚರ್ಚೆಯಲ್ಲಿ ವಂಶವಾಹಿಯ ಪ್ರಶ್ನೆ ಮರೆಗೆ ಸರಿದಿದೆ. ಆಮದಾಗುವ ತಾಯಿಗಳ ಮೂಲ ತಳಿ ವಿದೇಶಿ ಕಂಪನಿಗಳ ಕೈಯಲ್ಲಿದೆ. ಕೆರೆಯ ಸೀಗಡಿಯನ್ನೇ ತಾಯಿಯಾಗಿ ಮರುಬಳಸಿದರೆ ಹತ್ತಿರದ ಸಂಬಂಧಿಗಳು ಕೂಡಿ ತಳಿ ಸೊರಗುತ್ತದೆಂದೂ, ಅದು ರೋಗಕ್ಕೆ ದಾರಿ ಮಾಡುತ್ತದೆಂದೂ ಸಂಶೋಧಕ ರೋಜರ್ ಡಾಯ್ಲ್ 2016ರಲ್ಲಿ ಎಚ್ಚರಿಸಿದ್ದರು. ಅಷ್ಟಾಗಿಯೂ ದೋಷವನ್ನೆಲ್ಲ ಹ್ಯಾಚರಿಯ ಮೇಲೆ ಹೊರಿಸಲಾಗದು: ಕಣ್ಣುಳಿಸಿದರೆ ತಾಯಿಗಳ ಸಂಖ್ಯೆ ಹೆಚ್ಚಬೇಕು, ತೊಟ್ಟಿ ಹೆಚ್ಚಬೇಕು, ಕಡಲ ಹುಳು ಮತ್ತು ಸ್ಕ್ವಿಡ್‌ನಂಥ ದುಬಾರಿ ಮೇವೂ ಹೆಚ್ಚಬೇಕು, ಆದರೆ ಮರಿ ಕೊಳ್ಳುವವರು ಆ ಖರ್ಚನ್ನು ಬೆಲೆಯಲ್ಲಿ ಕೊಡಲು ಒಪ್ಪುವುದಿಲ್ಲ.