ಅಟ್ಟದ ಮೇಲಿನ ಕ್ಯಾಸೆಟ್ಟುಗಳು

ರಾಮನಗರ ಸೀಮೆಯಲ್ಲಿ ಸಿನಿಮಾ ಎಂದರೆ ಮೊದಲು ‘ಶೋಲೆ’ (1975). ರಾಮದೇವರ ಬೆಟ್ಟದ ಬಂಡೆಗಳು ಅಲ್ಲಿ ರಾಮಗಢವಾದವು. ಜಾಗ ತೆರೆಗೆ ಬಂತು, ಅದರ ಹೆಸರೂ ನುಡಿಯೂ ಬರಲಿಲ್ಲ.

ಬೇರೆ ಬಗೆಯ ನೋಟಕ್ಕೆ ದಾರಿ ತೆರೆಯುವುದು ‘ಎಕ್ಸ್‌ಪೆರಿಮೆಂಟಾ’. ಶಾಯ್ ಹೆರೇಡಿಯಾ 2003ರಲ್ಲಿ ಆರಂಭಿಸಿದ, ಬಳಿಕ ಬೆಂಗಳೂರಿನಲ್ಲಿ ನೆಲೆಯೂರಿದ ಈ ಉತ್ಸವ ಕಲಾವಿದರ ಪ್ರಯೋಗಶೀಲ ಚಿತ್ರಗಳಿಗೆ ಮೀಸಲು. ಇಲ್ಲಿ ಕಥೆ ಕಡ್ಡಾಯವಲ್ಲ. ರೀಲಿನ ಗೀರು, ಬೆಳಕು, ಸದ್ದುಗಳೂ ಅರ್ಥ ಹೊರುತ್ತವೆ.

ಈ ಪರಂಪರೆಗೆ ಸೇರುವ ಕೃತಿ ಬೆಂಗಳೂರಿನ ಕಲಾವಿದೆ ಆಯಿಷಾ ಅಬ್ರಹಾಂ ಅವರ ‘ಸ್ಟ್ರೇಟ್ 8’ (2005). ಟಾಮ್ ಡಿಅಗ್ಯಾರ್ ಎಂಬ ಆಂಗ್ಲೋ ಇಂಡಿಯನ್ ಹವ್ಯಾಸಿ ತೆಗೆದಿಟ್ಟಿದ್ದ 8 ಎಂಎಂ ರೀಲುಗಳೇ ಇದರ ಸಾಮಗ್ರಿ. ಮನೆಮಂದಿಯ ಖುಷಿಗೆ ತೆಗೆದದ್ದು ಒಂದು ಸಮುದಾಯದ ನೆನಪಾಗುತ್ತದೆ.

ಆದರೆ ಆ ಕಾಲದಲ್ಲಿ ಕ್ಯಾಮೆರಾ ಕೊಳ್ಳಬಲ್ಲವರು ಎಷ್ಟು ಜನ? ಮರಳವಾಡಿಯಂಥ ಊರುಗಳ ಮನೆಗಳಿಗೆ ಚಲಿಸುವ ಚಿತ್ರ ಬಂದದ್ದು ಮದುವೆಯ ವಿಡಿಯೋ ಕ್ಯಾಸೆಟ್ಟಿನಲ್ಲಿ. ಚಪ್ಪರ, ಧಾರೆ, ಬೀಗರೂಟದ ನಡುವೆ ಅಂದಿನ ಬೀದಿ, ಉಡುಗೆ, ಈಗಿಲ್ಲದ ಅಜ್ಜಿಯ ಸೋಬಾನೆ ಪದವೂ ಅದರಲ್ಲಿವೆ. ಅವು ಅಟ್ಟದ ಮೇಲೆ ಬೂಷ್ಟು ಹಿಡಿಯುತ್ತಿವೆ. ಹಾಕಿ ನೋಡಲು ವಿಸಿಆರ್ ಕೂಡ ಇಲ್ಲ.

ಇಂಥ ಚಿತ್ರಗಳ ಚರ್ಚೆ ಹೆಚ್ಚಾಗಿ ಇಂಗ್ಲಿಷಿನಲ್ಲೇ ನಡೆಯುತ್ತದೆ. ಹಾಗಾಗಿ ಉತ್ಸವ ಕಲಿಸುವ ನೋಟ ನಗರದಲ್ಲೇ ಉಳಿಯುತ್ತದೆ. ಕನ್ನಡ ವಿಮರ್ಶೆ ಈ ಕ್ಯಾಸೆಟ್ಟುಗಳನ್ನು ಪಠ್ಯವೆಂದು ಓದಲು ಶುರುಮಾಡಬೇಕು. ಟೇಪು ನಮ್ಮ ಪುರುಸೊತ್ತಿಗೆ ಕಾಯುವುದಿಲ್ಲ.