ಹಾಜರಿ ಹೊತ್ತಿನ ಸೊಗಸು

ನಮ್ಮ ಶಾಲೆಯ ಮೇಲೆ ಒಂದು ಸಾಕ್ಷ್ಯಚಿತ್ರ ಮಾಡೋಣ ಎಂದು ಮಕ್ಕಳ ಕೈಗೆ ಮೊಬೈಲ್ ಕೊಟ್ಟರೆ ಅವರ ಮನಸ್ಸು ಮೊದಲು ಓಡುವುದು ಗ್ಯಾದರಿಂಗಿನ ಕುಣಿತದ ಕಡೆಗೆ, ಧ್ವಜವಂದನೆಯ ಕಡೆಗೆ, ಕೊಕ್ಕೊದಲ್ಲಿ ಗೆದ್ದ ಕಪ್ಪಿನ ಕಡೆಗೆ. ಅವೂ ಇರಲಿ. ಆದರೆ ಶಾಲೆಯ ನಿಜವಾದ ರಸ ಒಸರುವುದು ಯಾರೂ ಫೋಟೊ ತೆಗೆಯದ ಹೊತ್ತಿನಲ್ಲಿ. ಹಾಜರಿ ಕೂಗುವಾಗ, ಪಾಟಿ ಒರೆಸುವಾಗ, ಊಟದ ಗಂಟೆಗೆ ಇನ್ನೇನು ಐದು ನಿಮಿಷ ಇದೆ ಎನ್ನುವಾಗ.

ರಾಣೇಬೆನ್ನೂರು ತಾಲ್ಲೂಕಿನ ಕುಪ್ಪೇಲೂರಿನಂಥ ಊರಿನಲ್ಲಿ ಹಾಜರಿ ಒಂದನ್ನೇ ಕಣ್ಣು ಮುಚ್ಚಿ ಕೇಳಿ. ಒಬ್ಬ ತನ್ನ ಹೆಸರು ಮುಗಿಯುವ ಮೊದಲೇ ‘ಎಸ್ ಸರ’ ಎನ್ನುತ್ತಾನೆ. ಒಬ್ಬಳ ದನಿ ಪಕ್ಕದವಳಿಗೂ ಕೇಳಿಸುವುದಿಲ್ಲ; ಮಾಸ್ತರರು ತಲೆಯೆತ್ತಿ ನೋಡಿಯೇ ಗುರುತು ಹಾಕಬೇಕು. ನಡುವೆ ಒಂದು ಹೆಸರಿಗೆ ಉತ್ತರವಿಲ್ಲ. ಹಿಂದಿನ ಸಾಲಿನಿಂದ ಯಾರೋ, ‘ಬಂದಿಲ್ರೀ ಸರ, ಗೊಂಜಾಳ ಮುರ್ಯಾಕ ಹೊಲಕ್ಕ ಹೋಗ್ಯಾನ್ರೀ.’ ಅಷ್ಟೇ. ಹಾವೇರಿ ಸೀಮೆಯ ಸುಗ್ಗಿ, ಆ ಹುಡುಗನ ಮನೆ, ಮನೆಯ ಕೆಲಸ ಎಲ್ಲ ಆ ಒಂದೇ ಮಾತಿನಲ್ಲಿ ಬಂದುಬಿಟ್ಟವು. ಇದರ ಮೇಲೆ ಹಿನ್ನೆಲೆ ದನಿಯಲ್ಲಿ ವಿವರಣೆ ಕೊಟ್ಟರೆ ರಸಭಂಗ.

ಇಂಥ ಹೊತ್ತಿಗೆ ಕಾದು ಕೂತವರ ಚಿತ್ರಗಳು ಎಷ್ಟು ಸಲ ನೋಡಿದರೂ ಹಳಸುವುದಿಲ್ಲ. ಫ್ರಾನ್ಸಿನ ನಿಕೊಲಾ ಫಿಲಿಬೇರ್ 2002ರಲ್ಲಿ ತೆರೆಗೆ ತಂದ ‘ಎತ್ರ್ ಎ ಅವ್ವಾರ್’ ನನಗೆ ಬಹಳ ಪ್ರೀತಿಯದು. ಗುಡ್ಡಗಾಡಿನ ಹಳ್ಳಿಯೊಂದರ ಏಕೋಪಾಧ್ಯಾಯ ಶಾಲೆ. ಚಿಕ್ಕವರು ದೊಡ್ಡವರು ಒಂದೇ ಕೋಣೆಯಲ್ಲಿ. ಮಾಸ್ತರ್ ಜಾರ್ಜ್ ಲೋಪೆಸ್ ನಿವೃತ್ತಿಗೆ ಹತ್ತಿರವಾದವರು. ಚಿತ್ರ ಶುರುವಾದ ಸ್ವಲ್ಪ ಹೊತ್ತಿಗೆ ಖಾಲಿ ತರಗತಿಯ ನೆಲದ ಮೇಲೆ ಆಮೆಗಳು ನಿಧಾನಕ್ಕೆ ಹರಿದು ಹೋಗುತ್ತವೆ. ಈ ಚಿತ್ರವನ್ನು ಯಾವ ವೇಗದಲ್ಲಿ ನೋಡಬೇಕು ಎಂಬುದನ್ನು ಅವು ಮಾತಿಲ್ಲದೆ ಹೇಳಿಬಿಡುತ್ತವೆ. ಮುಂದೆ ಒಬ್ಬ ಹುಡುಗ ಮನೆಯಲ್ಲಿ ಲೆಕ್ಕ ಬಿಡಿಸಲು ಕೂರುತ್ತಾನೆ. ಅವ್ವ ಬಂದು ನೋಡುತ್ತಾಳೆ, ಆಮೇಲೆ ಮನೆಯ ಉಳಿದವರೂ ಒಬ್ಬೊಬ್ಬರಾಗಿ ಸೇರಿಕೊಳ್ಳುತ್ತಾರೆ. ಒಂದು ಗುಣಾಕಾರಕ್ಕೆ ಮನೆ ಮಂದಿಯೆಲ್ಲ ತಲೆ ಕೆಡಿಸಿಕೊಳ್ಳುತ್ತಾರೆ. ಭಾಷೆ ಬಾರದಿದ್ದರೂ ನಮ್ಮ ಊರಿನ ಯಾರಿಗೂ ಅದನ್ನು ಬಿಡಿಸಿ ಹೇಳಬೇಕಿಲ್ಲ.

ಕ್ಯಾಮೆರಾ ಕಂಡರೆ ಮಕ್ಕಳು ಕಿಸಿಯುತ್ತಾರೆ, ಕೈ ಬೀಸುತ್ತಾರೆ, ಸಹಜವಾಗಿ ಇರುವುದಿಲ್ಲ ಎಂಬ ದೂರು ಹಳೆಯದು. ಜಪಾನಿನ ಸುಸುಮು ಹಾನಿ 1950ರ ದಶಕದಲ್ಲೇ ‘ತರಗತಿಯ ಮಕ್ಕಳು’ ಚಿತ್ರ ಮಾಡುವಾಗ ಇದಕ್ಕೆ ದಾರಿ ಕಂಡುಕೊಂಡರು. ಕ್ಯಾಮೆರಾವನ್ನು ಬಚ್ಚಿಡಲಿಲ್ಲ, ತರಗತಿಯಲ್ಲೇ ಇಟ್ಟರು. ಮಕ್ಕಳು ದಿಟ್ಟಿಸಿದರು, ಆಮೇಲೆ ಬೇಸರವಾಗಿ ತಮ್ಮ ಪಾಡಿಗೆ ತಾವಾದರು. ಚಿತ್ರ ಮಾಡುವವರು ಅದೇ ಶಾಲೆಯ ಒಂಬತ್ತನೆಯ ತರಗತಿಯ ಹುಡುಗಿಯರಾದರೆ ಈ ಕಾಯುವ ಅವಧಿ ಇನ್ನೂ ಕಡಿಮೆ. ಅವರು ಅಲ್ಲಿ ಯಾವಾಗಲೂ ಇದ್ದವರೇ. ಅಕ್ಕೋರು ಯಾವ ಮಾತಿಗೆ ನಗುತ್ತಾರೆ, ನೀರಿನ ಟಾಕಿಯ ಹತ್ತಿರ ಯಾವ ಗುಂಪು ಸೇರುತ್ತದೆ ಎಂಬುದು ಹೊರಗಿನಿಂದ ಬಂದ ಯಾವ ನಿರ್ದೇಶಕನಿಗೂ ಅಷ್ಟು ಬೇಗ ತಿಳಿಯುವಂಥದ್ದಲ್ಲ.

ನಮ್ಮ ಪಕ್ಕದಲ್ಲೇ ಇನ್ನೊಂದು ಚೆಲುವಾದ ಉದಾಹರಣೆ ಇದೆ. ಮದನಪಲ್ಲಿ ಬಳಿಯ ರಿಷಿ ವ್ಯಾಲಿ ಶಾಲೆಯಲ್ಲಿ ಡೇವಿಡ್ ಮ್ಯಾಕ್‌ಡೂಗಲ್ ತೆಗೆದ ‘ಸ್ಕೂಲ್‌ಸ್ಕೇಪ್ಸ್’, 2007ರದು. ಒಂದೊಂದು ದೃಶ್ಯಕ್ಕೂ ತುಂಡರಿಸದ ಒಂದೇ ಶಾಟ್. ಸುಮ್ಮನೆ ನೋಡುವುದೇ ಅದರ ವಸ್ತು. ಅದೇ ರಿಷಿ ವ್ಯಾಲಿಯ ಗ್ರಾಮೀಣ ಶಾಲೆಗಳ ಪದ್ಧತಿಯಿಂದ ಪ್ರೇರಣೆ ಪಡೆದು 1995ರಲ್ಲಿ ಹೆಗ್ಗಡದೇವನಕೋಟೆಯಲ್ಲಿ ಮೊಳೆತದ್ದು ನಮ್ಮ ‘ನಲಿ-ಕಲಿ’. 2009-10ರಿಂದ ಅದು ರಾಜ್ಯದ ಸರ್ಕಾರಿ ಕನ್ನಡ ಪ್ರಾಥಮಿಕ ಶಾಲೆಗಳಿಗೆಲ್ಲ ಬಂತು. ಹಾಗಾಗಿ ಕ್ಯಾಮೆರಾಕ್ಕೆ ಹೇಳಿ ಮಾಡಿಸಿದ ಕೋಣೆಯೊಂದು ನಮ್ಮ ಹಳ್ಳಿಗಳಲ್ಲಿ ಆಗಲೇ ಸಿದ್ಧವಿದೆ. ತಲೆಯ ಮೇಲೆ ದಾರಕ್ಕೆ ತೂಗುಬಿಟ್ಟ ಬಣ್ಣದ ಹಾಳೆಗಳ ಚಪ್ಪರ, ಮಕ್ಕಳ ಕೈಗೆ ಎಟುಕುವಂತೆ ಗೋಡೆಯ ಬುಡದಲ್ಲಿ ಬಳಿದ ಕರಿಹಲಗೆ, ಕಲಿಕಾ ಏಣಿಯ ಮೆಟ್ಟಿಲು ಹುಡುಕುವ ಪುಟ್ಟ ಬೆರಳು. ಮೊಬೈಲನ್ನು ನೆಲದ ಮೇಲೆ ಕೂತ ಮಗುವಿನ ಕಣ್ಣಿನ ಮಟ್ಟಕ್ಕೆ ಇಳಿಸಿದರೆ ಸಾಕು, ಕೋಣೆ ಬೇರೆಯೇ ಆಗುತ್ತದೆ. ಮಾಸ್ತರರ ಮೊಣಕಾಲು ದೊಡ್ಡದು, ಕಿಟಕಿ ಎತ್ತರದಲ್ಲೆಲ್ಲೋ, ಗೆಳೆಯನ ಮುಖ ತೀರ ಹತ್ತಿರ.

ಶುರು ಮಾಡುವವರಿಗೆ ಲೂಮಿಯೇರ್ ಸಹೋದರರ ಅಳತೆ ಒಳ್ಳೆಯದು. 1895ರಲ್ಲಿ ಅವರು ತೋರಿಸಿದ ಚಿತ್ರಗಳು ಒಂದೊಂದೂ ಸುಮಾರು 50 ಸೆಕೆಂಡಿನವು, ಕ್ಯಾಮೆರಾ ಅಲುಗದೆ ನಿಂತವು. ಹಾಗೆ 50 ಸೆಕೆಂಡು ಕದಲದೆ ಹಿಡಿದು ನೋಡಿ. ಅಕ್ಷರ ದಾಸೋಹದ ಅಡುಗೆಮನೆಯ ಬಾಗಿಲಲ್ಲಿ ಹಾಲಿನ ಪಾತ್ರೆ: 2013ರಲ್ಲಿ ಕ್ಷೀರಭಾಗ್ಯ ಬಂದಂದಿನಿಂದ ಮಗುವಿಗೆ 150 ಮಿಲಿ ಬಿಸಿ ಹಾಲು. ಹಬೆ ಏಳುತ್ತದೆ, ಸವಟು ಪಾತ್ರೆಯ ಅಂಚಿಗೆ ತಾಗುತ್ತದೆ, ಲೋಟ ಹಿಡಿದವನು ಸುಡುತ್ತದೆಂದು ಅಂಗಿಯ ತುದಿಯಲ್ಲಿ ಅದನ್ನು ಸುತ್ತಿಕೊಳ್ಳುತ್ತಾನೆ. ಆ ಅಂಗಿಯ ತುದಿ ಮೂವತ್ತನೆಯ ಸೆಕೆಂಡಿಗೆ ಬರುತ್ತದೆ. ಹತ್ತಕ್ಕೇ ನಿಲ್ಲಿಸಿದವರಿಗೆ ಸಿಗುವುದಿಲ್ಲ.

ತರಗತಿಯ ಫ್ಯಾನೂ ಹಾಗೆಯೇ, ಕಾದವರಿಗೇ ಸಿಗುತ್ತದೆ. ರಿಷಬ್ ಶೆಟ್ಟಿಯವರ 2018ರ ‘ಸರ್ಕಾರಿ ಹಿ. ಪ್ರಾ. ಶಾಲೆ, ಕಾಸರಗೋಡು, ಕೊಡುಗೆ: ರಾಮಣ್ಣ ರೈ’ ಎಂಬ ಚಿತ್ರದ ಹೆಸರು ಕೇಳಿದೊಡನೆ ಶಾಲೆಯ ಬೋರ್ಡೇ ಕಣ್ಣಿಗೆ ಕಟ್ಟಿತ್ತಲ್ಲ. ದಾನಿಗಳ ಹೆಸರು ನಮ್ಮ ಶಾಲೆಗಳಲ್ಲಿ ಕಪಾಟಿನ ಮೇಲೆ, ಗಡಿಯಾರದ ಮೇಲೆ, ಫ್ಯಾನಿನ ರೆಕ್ಕೆಯ ಮೇಲೂ ಇರುತ್ತದೆ. ಫ್ಯಾನು ತಿರುಗುವಷ್ಟು ಹೊತ್ತು ಅದು ಬರೀ ಬಣ್ಣದ ಬಳೆ. ಕರೆಂಟು ಹೋದಾಗ ರೆಕ್ಕೆಗಳು ನಿಧಾನವಾಗುತ್ತವೆ, ಬಳೆ ಒಡೆದು ಅಕ್ಷರಗಳಾಗುತ್ತದೆ, ಯಾರದೋ ತಂದೆಯ ಸ್ಮರಣೆ ಎಂದು ಓದಿಸಿಕೊಳ್ಳುತ್ತದೆ. ಅದೇ ಗಳಿಗೆಗೆ ಫ್ಯಾನಿನ ಸದ್ದೂ ನಿಂತು ಪಕ್ಕದ ಕೋಣೆಯ ಮಗ್ಗಿ ಸ್ಪಷ್ಟವಾಗಿ ಕೇಳುತ್ತದೆ. ಕಣ್ಣಿಗೂ ಕಿವಿಗೂ ಒಟ್ಟಿಗೆ ಇಷ್ಟು ಕೊಡುವ ಶಾಟ್ ಯಾವ ಸ್ಟುಡಿಯೊದಲ್ಲಿ ಸಿಕ್ಕೀತು?

ಸದ್ದಿನ ಬಗ್ಗೆ ಇನ್ನೊಂದು ಮಾತು ಹೇಳಲೇಬೇಕು. ಮಕ್ಕಳು ಸಂಕಲನಕ್ಕೆ ಕೂತಕೂಡಲೇ ಹಿನ್ನೆಲೆಗೆ ಸಿನಿಮಾ ಸಂಗೀತ ಸುರಿಯುತ್ತಾರೆ. ದಯವಿಟ್ಟು ಬೇಡ. ತಗಡಿನ ಮೇಲೆ ಬೀಳುವ ಮಳೆ, ಚಪ್ಪಲಿ ಬಿಡುವ ಜಾಗದ ಗದ್ದಲ, ಪ್ರಾರ್ಥನೆಯಲ್ಲಿ ದಿನಪತ್ರಿಕೆ ಓದುವ ಹುಡುಗಿ ಕಷ್ಟದ ಹೆಸರಿಗೆ ತಡವರಿಸಿ ಮತ್ತೆ ಮೊದಲಿಂದ ಹಿಡಿಯುವುದು, ಇವೇ ಅದರ ಸಂಗೀತ. ಅಳುವ ಮಗುವನ್ನೂ ಬೈಸಿಕೊಳ್ಳುವ ಮಗುವನ್ನೂ ಮಾತ್ರ ತೆಗೆಯಬಾರದು. ಮನೆಯವರ ಒಪ್ಪಿಗೆಯನ್ನೂ ಮೊದಲೇ ಕೇಳಿಕೊಳ್ಳಬೇಕು.

ಇನ್ನು ತೋರಿಸುವುದು. ಇಂಥ ಚಿತ್ರ ಮೊಬೈಲಿನಿಂದ ಮೊಬೈಲಿಗೆ ದಾಟಿ ಮುಗಿಯಬಾರದು. ಕತ್ತಲಾದ ಮೇಲೆ ಶಾಲೆಯ ಬಯಲಲ್ಲೇ ಬಿಳಿ ಪಂಚೆ ಕಟ್ಟಿ, ಪ್ರೊಜೆಕ್ಟರ್ ತಂದು, ಹೊಲದಿಂದ ಬಂದವರನ್ನೂ ಅಡುಗೆಯ ಅಕ್ಕಂದಿರನ್ನೂ ಮುಂದೆ ಕೂರಿಸಬೇಕು. ಹಾಜರಿಯ ದೃಶ್ಯಕ್ಕೆ ದನಿ ದೊಡ್ಡದು ಮಾಡಬೇಕು. ತೆರೆಯ ಮೇಲೆ ಮಾಸ್ತರರು ಒಂದೊಂದೇ ಹೆಸರು ಕೂಗಿದಂತೆ ಕೂತ ಜನರ ನಡುವಿನಿಂದ ಆಯಾ ಮಗುವಿನ ಅವ್ವ, ಅಜ್ಜ, ತಂಗಿ ‘ಇವ ನಮ್ಮಾಂವ, ಇಕಿ ನಮ್ಮಾಕಿ’ ಎಂದು ಕೂಗಿಯೇ ಕೂಗುತ್ತಾರೆ.