ಹೀರಾಬಾಯಿ ಬಡೋದೇಕರ: ನಾಟ್ಯರಂಗವೂ ಸಭಾಗಾನವೂ

ಪಾಶ್ಚಾತ್ಯರ ಗೀತನಾಟಕವಾದ ಆಪೆರಾದಲ್ಲಿ ಸ್ತ್ರೀಕಂಠಗಳಲ್ಲೆಲ್ಲ ಎತ್ತರದ್ದನ್ನು ಸೊಪ್ರಾನೊ ಎಂದು ಕರೆಯುತ್ತಾರೆ. ಅಂಥ ಗಾಯಕಿಗೆ ಯಾವ ಪಾತ್ರವು ಸಲ್ಲುವುದೆಂಬುದನ್ನು ಬಹುಮಟ್ಟಿಗೆ ಅವಳ ಕಂಠವೇ ನಿಶ್ಚಯಿಸುತ್ತದೆ. ನಮ್ಮ ಸಂಗೀತದಲ್ಲಿ ಹಾಗಿಲ್ಲ. ಹಾಡುವವರು ತಮ್ಮ ಷಡ್ಜವನ್ನು ತಾವೇ ಆರಿಸಿಕೊಳ್ಳುತ್ತಾರೆ. ಈ ಭೇದವನ್ನು ಮನ್ನಿಸಿದ ಮೇಲೂ, ಎತ್ತರದ ನಿರ್ಮಲ ಕಂಠವೊಂದು ರಂಗದ ಮೇಲೆಯೂ ಸಭೆಯಲ್ಲಿಯೂ ಸಮಾನವಾಗಿ ಬೆಳಗಿದ ಉದಾಹರಣೆಯನ್ನು ಅರಸಲು ಕೊಗನೊಳ್ಳಿಯ ಸೀಮೆಯವರಾದ ನಾವು ಬಹುದೂರ ಹೋಗಬೇಕಾಗಿಲ್ಲ. ಇಲ್ಲಿಗೆ ಈಶಾನ್ಯದಲ್ಲಿರುವ ಮಿರಜಿನಲ್ಲಿ 1905ರಲ್ಲಿ ಜನಿಸಿದ ಹೀರಾಬಾಯಿ ಬಡೋದೇಕರ ಅವರೇ ಆ ಉದಾಹರಣೆ.

ಹೀರಾಬಾಯಿಯವರನ್ನು ಕುರಿತು ಮಾತನಾಡುವವರು ಸಾಮಾನ್ಯವಾಗಿ ಅವರ ಸಭಾಗಾನವನ್ನು ಕೊಂಡಾಡಿ, ರಂಗಭೂಮಿಯ ವರ್ಷಗಳನ್ನು ಒಂದು ಅಡ್ಡದಾರಿಯೆಂಬಂತೆ ಒಂದೆರಡು ವಾಕ್ಯಗಳಲ್ಲಿ ಮುಗಿಸಿಬಿಡುವುದುಂಟು. ಈ ಅಭಿಪ್ರಾಯವು ಸಾಧುವಲ್ಲವೆಂಬುದು ನಮ್ಮ ವಾದ. ಅವರ ನಾಟ್ಯವೂ ಸಭಾಗಾನವೂ ಒಂದೇ ಪ್ರಯತ್ನದ ಎರಡು ಮುಖಗಳು. ಸ್ತ್ರೀಯ ಗಾನವನ್ನು ಅವಳ ಹೆಸರಿನಲ್ಲಿಯೇ, ಸರ್ವರಿಗೂ ತೆರೆದ ಸ್ಥಳದಲ್ಲಿ, ಗೌರವದ ವೃತ್ತಿಯನ್ನಾಗಿ ಮಾಡುವುದೇ ಆ ಪ್ರಯತ್ನದ ಗುರಿಯಾಗಿತ್ತು.

ಇದನ್ನು ತಿಳಿಯಲು ಆ ರಂಗಭೂಮಿಯ ಪೂರ್ವವೃತ್ತಾಂತವನ್ನು ನೋಡಬೇಕು. ಕರ್ನಾಟಕದಿಂದ ಬಂದ ಭಾಗವತರ ಆಟವನ್ನು ಕಂಡು ಮೆಚ್ಚಿದ ಸಾಂಗಲಿಯ ಅರಸರ ಪ್ರೇರಣೆಯಿಂದ ವಿಷ್ಣುದಾಸ ಭಾವೆಯವರು 1843ರಲ್ಲಿ 'ಸೀತಾಸ್ವಯಂವರ'ವನ್ನು ಪ್ರಯೋಗಿಸಿದರು. ಬೆಳಗಾವಿ ಜಿಲ್ಲೆಯ ಗುರ್ಲಹೊಸೂರಿನವರಾದ ಅಣ್ಣಾಸಾಹೇಬ ಕಿರ್ಲೋಸ್ಕರರು 1880ರಲ್ಲಿ 'ಶಾಕುಂತಲ'ವನ್ನೂ 1882ರಲ್ಲಿ 'ಸೌಭದ್ರ'ವನ್ನೂ ರಂಗಕ್ಕೆ ತಂದು ಮರಾಠಿ ಸಂಗೀತನಾಟಕಕ್ಕೆ ಭದ್ರವಾದ ರೂಪವನ್ನು ಕೊಟ್ಟರು. ಈ ಕಲೆಯ ಹುಟ್ಟಿನಲ್ಲಿ ಕನ್ನಡ ನಾಡಿನ ಪಾಲು ಅಲ್ಪವಾದುದಲ್ಲ. ಆದರೆ ಅದರಲ್ಲಿ ಸ್ತ್ರೀಯರ ಪಾಲು ಬಹುಕಾಲ ಅತ್ಯಲ್ಪವಾಗಿತ್ತು. ಸುಭದ್ರೆ ಶಕುಂತಲೆಯರ ಪದಗಳನ್ನು ಹಾಡುತ್ತಿದ್ದವರು ಪುರುಷರು. ಬಾಲಗಂಧರ್ವರ ಕೀರ್ತಿಯೆಲ್ಲ ಸ್ತ್ರೀಪಾತ್ರಗಳಿಂದ ಬಂದುದು. ನಮ್ಮ ಕುಂದಗೋಳದ ಸವಾಯಿ ಗಂಧರ್ವರೂ ಸ್ತ್ರೀಪಾತ್ರಗಳನ್ನು ವಹಿಸಿದವರೇ. ಹಾಡಬಲ್ಲ ಸ್ತ್ರೀಗೆ ಉಳಿದಿದ್ದುದು ಸಿರಿವಂತರ ಮನೆಯ ಬೈಠಕ್ಕು ಮಾತ್ರ. ಅಲ್ಲಿ ಆಕೆಯ ವಿದ್ಯೆಗೆ ಮೆಚ್ಚುಗೆಯಿತ್ತು, ಆಕೆಗೆ ಸಮಾಜದಲ್ಲಿ ಮರ್ಯಾದೆಯಿರಲಿಲ್ಲ.

ಹೀರಾಬಾಯಿಯವರು ಉಸ್ತಾದ ಅಬ್ದುಲ್ ಕರೀಮ್ ಖಾನರ ಮತ್ತು ತಾರಾಬಾಯಿಯವರ ಮಗಳು. 1922ರ ಸುಮಾರಿಗೆ ತಾಯಿ ತಂದೆಯರು ಬೇರೆಯಾದ ಮೇಲೆ ಮಕ್ಕಳು ತಾಯಿಯ ಆಶ್ರಯದಲ್ಲಿ ಬೆಳೆದರು. ಹೀರಾಬಾಯಿಯವರಿಗೆ ಕಿರಾಣಾ ಘರಾಣೆಯ ಶಿಕ್ಷಣವು ಅಣ್ಣ ಸುರೇಶಬಾಬು ಮಾನೆಯವರಿಂದಲೂ ಉಸ್ತಾದ ಅಬ್ದುಲ್ ವಹೀದ್ ಖಾನರಿಂದಲೂ ದೊರೆಯಿತು. ಮುಂದೆ ಇದೇ ಕುಟುಂಬವು ನೂತನ ಸಂಗೀತ ನಾಟಕ ಮಂಡಳಿಯನ್ನು ನಡೆಸಿತು. ಅಲ್ಲಿ ಸ್ತ್ರೀಪಾತ್ರಗಳನ್ನು ಸ್ತ್ರೀಯರೇ ವಹಿಸಿದರು. ಮಂಡಳಿಯು ಬಹುಕಾಲ ಬಾಳಲಿಲ್ಲ. ಆದರೆ ಒಂದು ಸಂಸ್ಥೆಯ ಆಯುಸ್ಸಿನಿಂದಲೇ ಅದರ ಮಹತ್ವವನ್ನು ಅಳೆಯುವುದು ಇತಿಹಾಸದ ವಿದ್ಯಾರ್ಥಿಗೆ ತಕ್ಕುದಲ್ಲ.

ಈ ರಂಗಕಾರ್ಯಕ್ಕೂ ಅವರ ಸಭಾಗಾನಕ್ಕೂ ಇರುವ ಸಂಬಂಧವನ್ನು ಈಗ ವಿಚಾರಿಸೋಣ. ಟಿಕೆಟ್ಟು ಕೊಂಡು ಬಂದ ಸಾಮಾನ್ಯ ಶ್ರೋತೃಗಳ ಮುಂದೆ ಕಚೇರಿ ಮಾಡಿದ ಮೊದಮೊದಲ ಗಾಯಕಿಯರಲ್ಲಿ ಹೀರಾಬಾಯಿಯವರು ಒಬ್ಬರು. ಮೈತುಂಬ ಸೆರಗು ಹೊದ್ದು, ಹಾವಭಾವಗಳಿಲ್ಲದೆ, ಸ್ಥಿರವಾಗಿ ಕುಳಿತು ಹಾಡುವುದು ಅವರ ಪದ್ಧತಿ. ಬೈಠಕ್ಕಿನ ಯಜಮಾನನು ಒಬ್ಬನೇ. ಟಿಕೆಟ್ಟಿನ ಸಭೆಗೆ ಯಾರೊಬ್ಬರೂ ಯಜಮಾನರಲ್ಲ. ನಾಟಕಗೃಹದ ವ್ಯವಸ್ಥೆಯೂ ಇದೇ. ಗಾನದ ರೀತಿಯಲ್ಲಿಯೂ ಈ ಸಾದೃಶ್ಯವುಂಟು. ನಾಟ್ಯಗೀತವು ಕೆಲವೇ ನಿಮಿಷಗಳಲ್ಲಿ ರಾಗದ ಮುಖವನ್ನು ತೋರಿಸಬೇಕು, ಪದವು ಹಿಂದಿನ ಸಾಲಿನವರಿಗೂ ತಿಳಿಯಬೇಕು. ಹೀರಾಬಾಯಿಯವರ ಧ್ವನಿಮುದ್ರಿಕೆಗಳಲ್ಲಿ ಈ ಮಿತವೂ ಉಚ್ಚಾರದ ಶುದ್ಧಿಯೂ ಸ್ಪಷ್ಟವಾಗಿವೆ. ಖಯಾಲಿನೊಡನೆ ಠುಮರಿ, ಭಜನೆ, ನಾಟ್ಯಗೀತ, ಭಾವಗೀತಗಳನ್ನೂ ಹಾಡಿ ಅವರು ಸಂಗೀತವನ್ನು ನೂರಾರು ಮನೆಗಳಿಗೆ ಮುಟ್ಟಿಸಿದರು.

ಗುಣಗಳನ್ನು ಹೇಳಿದಂತೆ ಮಿತಿಗಳನ್ನೂ ಹೇಳುವುದು ವಿಮರ್ಶೆಯ ಧರ್ಮ. ಕೊಗನೊಳ್ಳಿಗೆ ಉತ್ತರದಲ್ಲಿರುವ ಕೊಲ್ಹಾಪುರದಲ್ಲಿ ಉಸ್ತಾದ ಅಲ್ಲಾದಿಯಾ ಖಾನರು ಬೆಳೆಸಿದ ಗಾಯನವು ಲಯದ ಬಿಗಿಯಿಂದಲೂ ತೊಡಕಾದ ತಾನುಗಳಿಂದಲೂ ಕೂಡಿದುದು. ಅವರ ಶಿಷ್ಯೆ ಕೇಸರಬಾಯಿ ಕೇರ್ಕರ ಅವರನ್ನು ಕೇಳಿ ಬಂದ ಕಿವಿಗೆ ಹೀರಾಬಾಯಿಯವರ ಗಾನವು ತೀರ ಸರಳವಾಗಿ ತೋರಬಹುದು. ಮಾಧುರ್ಯವು ಕೆಡದಿರಲೆಂದು ಅವರು ಸಾಹಸಕ್ಕೆ ಕೈಹಾಕದೆ ಹಿಂಜರಿದರೆಂಬ ಆಕ್ಷೇಪಣೆಯನ್ನು ನಾವು ಪೂರ್ತಿಯಾಗಿ ತಳ್ಳಿಹಾಕಲಾರೆವು. ಆದರೆ ಸ್ವರದ ಮೇಲೆ ನಿಲ್ಲುವ ಕಿರಾಣಾ ಪದ್ಧತಿಗೆ ಈ ಸರಳತೆಯು ದೋಷವಲ್ಲ. ಅಲ್ಲಿ ಒಂದು ಸ್ವರವು ಸರಿಯಾಗಿ ಹತ್ತಿದರೆ ಅದೇ ಸಾಧನೆ.

ಇಲ್ಲಿ ಗಂಗೂಬಾಯಿ ಹಾನಗಲ್ಲರ ಹೋಲಿಕೆಯು ಉಪಯುಕ್ತವಾದುದು. 1913ರಲ್ಲಿ ಧಾರವಾಡದಲ್ಲಿ ಹುಟ್ಟಿ ಸವಾಯಿ ಗಂಧರ್ವರಲ್ಲಿ ಕಲಿತ ಇವರೂ ಕಿರಾಣಾ ಘರಾಣೆಯವರೇ. 'ಗಾಂಧಾರಿ' ಎಂಬ ಹೆಸರಿನಲ್ಲಿ ಬಂದ ಇವರ ಆರಂಭದ ಮುದ್ರಿಕೆಗಳಲ್ಲಿ ಕೇಳುವುದು ತೆಳುವಾದ, ಎತ್ತರದ ಧ್ವನಿ. ಗಂಟಲಿನ ಚಿಕಿತ್ಸೆಯ ತರುವಾಯ ಅದು ಗಂಭೀರವಾಗಿ ತಗ್ಗಿತು. ಆಪೆರಾದ ಸೊಪ್ರಾನೊ ಒಬ್ಬಳಿಗೆ ಹೀಗಾಗಿದ್ದರೆ ಪಾತ್ರಗಳೇ ಕೈತಪ್ಪುತ್ತಿದ್ದವು. ಗಂಗೂಬಾಯಿಯವರು ಷಡ್ಜವನ್ನು ತಗ್ಗಿಸಿಕೊಂಡು ವಿಲಂಬಿತದ ವಿಸ್ತಾರದಲ್ಲಿ ಕೀರ್ತಿ ಪಡೆದರು. ರಂಗವನ್ನು ಕಂಡ ಎತ್ತರದ ಕಂಠವೊಂದು, ಸಭೆಯನ್ನೇ ನೆಮ್ಮಿದ ತಗ್ಗಿನ ಕಂಠವೊಂದು. ಎರಡಕ್ಕೂ ಒಂದೇ ಘರಾಣೆಯಲ್ಲಿ ಸ್ಥಾನ ದೊರೆಯಿತು. ಆದುದರಿಂದ ಮೊದಲನೆಯವರನ್ನು ಮಾಧುರ್ಯವೊಂದರಿಂದಲೂ ಎರಡನೆಯವರನ್ನು 'ಗಂಡುಧ್ವನಿ' ಎಂಬ ಮಾತೊಂದರಿಂದಲೂ ವರ್ಣಿಸಿ ಸುಮ್ಮನಾಗುವುದು ವಿಮರ್ಶೆಯೆನಿಸದು.

ಹೀರಾಬಾಯಿಯವರಿಗೆ 1965ರಲ್ಲಿ ಸಂಗೀತ ನಾಟಕ ಅಕಾಡೆಮಿಯ ಪ್ರಶಸ್ತಿಯೂ 1970ರಲ್ಲಿ ಪದ್ಮಭೂಷಣವೂ ಸಂದವು. 1989ರಲ್ಲಿ ಅವರು ನಿಧನರಾದರು. ತಂಗಿ ಸರಸ್ವತಿ ರಾಣೆಯವರೊಡನೆ ಅವರು ನಡೆಸಿದ ಜುಗಲಬಂದಿಗಳು ಗಾಯಕಿಯರಿಬ್ಬರು ಸಮಾನಾಸನದಲ್ಲಿ ಹಾಡುವುದಕ್ಕೆ ಮಾರ್ಗವಾದವು. ಶಿಷ್ಯೆ ಪ್ರಭಾ ಅತ್ರೆಯವರು 2024ರಲ್ಲಿ ತೀರಿಕೊಳ್ಳುವವರೆಗೂ ಆ ಪರಂಪರೆಯನ್ನು ಮುಂದುವರಿಸಿದರು. ಗಾಯಕಿಯರ ಚರಿತ್ರೆಯನ್ನು ಬರೆಯುವಾಗ ಮರ್ಯಾದೆಯ ದೃಷ್ಟಿಯಿಂದ ನಾಟಕದ ಪುಟಗಳನ್ನು ಬಿಟ್ಟುಬಿಡುವ ಅಭ್ಯಾಸವು ನಮ್ಮಲ್ಲಿ ಇನ್ನೂ ಹೋಗಿಲ್ಲ. ಬಿಟ್ಟ ಆ ಪುಟಗಳಲ್ಲಿಯೇ ಇಂದಿನ ಸಭಾಗಾನದ ಅನೇಕ ರೀತಿನೀತಿಗಳು ರೂಪುಗೊಂಡವು. ಗಡಿಯ ಎರಡು ಭಾಷೆಗಳನ್ನೂ ಬಲ್ಲ ಈ ಭಾಗದ ವಿದ್ಯಾರ್ಥಿಗಳು ಹಳೆಯ ನಾಟಕ ಕಂಪನಿಗಳ ಜಾಹೀರಾತು, ಕರಪತ್ರ, ಧ್ವನಿಮುದ್ರಿಕೆಗಳನ್ನು ಸಂಗ್ರಹಿಸಿ ಆ ಪುಟಗಳನ್ನು ತುಂಬಲು ತೊಡಗಬೇಕು.